ಪಟ್ಟವಿಲ್ಲದ ಮುಂದಾಳು

ಚಿತ್ರದುರ್ಗವನ್ನು ಆಳಿದ ಪಾಳೆಯಗಾರರ ಹೆಸರುಗಳನ್ನು ಸಾಲಾಗಿ, ತಪ್ಪಿಲ್ಲದೆ ಹೇಳಬಲ್ಲವರು ಇಂದು ದುರ್ಗದಲ್ಲಿಯೂ ವಿರಳ. ಓಬವ್ವನ ಹೆಸರನ್ನು ಕೇಳದವರು ಮಾತ್ರ ಕನ್ನಡನಾಡಿನಲ್ಲಿ ಯಾರೂ ಇರಲಾರರು. ಆಕೆ ರಾಣಿಯಲ್ಲ, ದಳವಾಯಿಯ ಮನೆಯವಳಲ್ಲ, ಸಂಬಳಕ್ಕೆ ನಿಂತ ಆಳೂ ಅಲ್ಲ. ಕೋಟೆಯ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ, ಅಷ್ಟೆ. ಹೈದರಾಲಿಯ ಸೈನ್ಯ ದುರ್ಗಕ್ಕೆ ಮುತ್ತಿಗೆ ಹಾಕಿದ್ದ ಕಾಲ. ಗಂಡ ಊಟಕ್ಕೆಂದು ಮನೆಗೆ ಬಂದಿದ್ದ ಹೊತ್ತಿನಲ್ಲಿ ನೀರಿಗೆ ಹೋದ ಆಕೆ, ಬಂಡೆಗಳ ನಡುವಣ ಕಿಂಡಿಯಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡಳು. ಮನೆಯಲ್ಲಿದ್ದ ಒನಕೆಯನ್ನೇ ಹಿಡಿದು ಬಂದು, ತಲೆ ತೂರಿಸಿದವರನ್ನೆಲ್ಲ ಅಲ್ಲಿಯೇ ಕೆಡವಿದಳು. ಹೀಗೆಂದು ಜನ ಹೇಳಿಕೊಂಡು ಬಂದಿದ್ದಾರೆ. ಅಂದು ಕೋಟೆ ಉಳಿಯಿತು, ಓಬವ್ವ ಉಳಿಯಲಿಲ್ಲ.

ಆ ಕಿಂಡಿಯನ್ನು ಕಾಯುವ ಹೊಣೆ ಆಕೆಯದಾಗಿರಲಿಲ್ಲ. ಕಾಯದಿದ್ದರೆ ಯಾರೂ ಆಕೆಯನ್ನು ಕೇಳುವಂತೆಯೂ ಇರಲಿಲ್ಲ. ‘ಇದು ನನ್ನ ಕೆಲಸವಲ್ಲ’ ಎಂಬ ಮಾತು ಆಕೆಯ ಬಾಯಿಂದ ಬಂದಿದ್ದರೆ ಅದು ಅಕ್ಷರಶಃ ನಿಜವಾಗಿರುತ್ತಿತ್ತು. ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆಗಳಲ್ಲಿ ದಿನಕ್ಕೆ ನೂರು ಬಾರಿ ಕೇಳಿಬರುವ ಮಾತೂ ಇದೇ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಕಿಂಡಿ ತೆರೆದಿರುವಾಗ ಅದು ಯಾರ ಕೆಲಸವೆಂಬ ಪ್ರಶ್ನೆಗಿಂತ, ಅದನ್ನು ಈಗ ಯಾರು ಕಂಡರು ಎಂಬ ಪ್ರಶ್ನೆಯೇ ದೊಡ್ಡದು. ಪಟ್ಟವಿಲ್ಲದ ಮುಂದಾಳುತನ ಹುಟ್ಟುವುದು ಈ ಎರಡನೆಯ ಪ್ರಶ್ನೆಯಿಂದ.

ಆದರೂ ಓಬವ್ವನ ಕಥೆಯಲ್ಲಿ ಇರುವುದು ಅರ್ಧ ಪಾಠ ಮಾತ್ರ. ಹೊಣೆಯನ್ನು ತಾನಾಗಿ ಹೊರುವುದು ಮೊದಲ ಹೆಜ್ಜೆ. ಇತರರೂ ಬಂದು ಅದಕ್ಕೆ ಕೈಕೊಡುವಂತೆ ಮಾಡುವುದು ಎರಡನೆಯದು. ಆಕೆಗೆ ಆ ಎರಡನೆಯ ಹೆಜ್ಜೆಗೆ ಅವಕಾಶವೇ ಇರಲಿಲ್ಲ. ನಿತ್ಯದ ಕೆಲಸದಲ್ಲಿ ಆ ಅವಕಾಶ ಇದ್ದೇ ಇದೆ. ಅದನ್ನು ಬಳಸಿಕೊಳ್ಳದೆ ಎಲ್ಲವನ್ನೂ ಒಬ್ಬನೇ ಹೊರುವವನು ಧೀರನೆನಿಸಬಹುದು, ಮುಂದಾಳು ಎನಿಸಲಾರ. ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಅಪ್ಪಣೆ ಇಲ್ಲದವನ ಆಯುಧ

ಹುದ್ದೆ ಮನುಷ್ಯನಿಗೆ ಮೂರು ಶಕ್ತಿಗಳನ್ನು ಕೊಡುತ್ತದೆ. ಆತ ಅಪ್ಪಣೆ ಮಾಡಬಲ್ಲ. ಮೆಚ್ಚಿದವರಿಗೆ ಕೊಟ್ಟು, ಮುನಿದವರಿಂದ ಕಿತ್ತುಕೊಳ್ಳಬಲ್ಲ. ಕಾಗದದ ಕೆಳಗೆ ಸಹಿ ಹಾಕಬಲ್ಲ. ಹುದ್ದೆಯಿಲ್ಲದವನಿಗೆ ಈ ಮೂರೂ ಇಲ್ಲ. ಅವನ ಪಾಲಿಗೆ ಉಳಿಯುವುದು ಒಂದೇ: ಕೇಳುವುದು. ಕೈ ಜೋಡಿಸಿರೆಂದು ಕೇಳುವುದು, ಒಂದು ಗಂಟೆ ಹೆಚ್ಚು ನಿಲ್ಲಿರೆಂದು ಕೇಳುವುದು, ಹಳೆಯ ರೀತಿಯನ್ನು ಬಿಟ್ಟು ಹೊಸದನ್ನು ಒಮ್ಮೆ ಮಾಡಿ ನೋಡಿರೆಂದು ಕೇಳುವುದು.

ಕೇಳುವುದೆಂದರೆ ಸಣ್ಣತನವೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅಪ್ಪಣೆ ಮಾಡುವವನು ದೊಡ್ಡವನು, ಬೇಡುವವನು ಚಿಕ್ಕವನು ಎಂದು ಲೋಕ ತಿಳಿದಿದೆ. ಆದರೆ ಅಪ್ಪಣೆಗೆ ಮಣಿದು ಮಾಡಿದ ಕೆಲಸಕ್ಕೂ, ಕೇಳಿದ್ದಕ್ಕೆ ಒಪ್ಪಿ ಮಾಡಿದ ಕೆಲಸಕ್ಕೂ ಇರುವ ಅಂತರವನ್ನು ಕೆಲಸ ಮಾಡಿಸಿದವರೆಲ್ಲರೂ ಬಲ್ಲರು. ಅಪ್ಪಣೆಗೆ ಮಣಿದವನು ಹೇಳಿದಷ್ಟು ಮಾಡುತ್ತಾನೆ. ಒಪ್ಪಿದವನು ಹೇಳದೆ ಬಿಟ್ಟದ್ದನ್ನೂ ನೋಡಿ ಮಾಡುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಹುಟ್ಟಿದ್ದೇ ಮೇಲಿನವರ ಅಪ್ಪಣೆ ಕೆಳಗಿನ ಮೇಜಿನಲ್ಲಿ ಸಿಕ್ಕಿಕೊಳ್ಳುವುದರಿಂದ. ಆ ಕೆಳಗಿನ ಮೇಜಿನವನ ಮನಸ್ಸನ್ನು ತೆರೆಯುವ ಕೀಲಿಕೈ ಎಷ್ಟೋ ವೇಳೆ ಹುದ್ದೆಯುಳ್ಳವನ ಬಳಿ ಇರುವುದಿಲ್ಲ; ಪಕ್ಕದ ಮೇಜಿನವನ ಬಳಿ ಇರುತ್ತದೆ.

ಮಲ್ಲಾಡಿಹಳ್ಳಿಯ ‘ತಿರುಕ’

ಕೇಳುವುದನ್ನೇ ಒಂದು ದೊಡ್ಡ ವಿದ್ಯೆಯನ್ನಾಗಿ ಮಾಡಿದವರೊಬ್ಬರು ಚಿತ್ರದುರ್ಗ ಜಿಲ್ಲೆಯಲ್ಲಿಯೇ ಬಾಳಿದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮವನ್ನು ಆರಂಭಿಸಿದ ರಾಘವೇಂದ್ರ ಸ್ವಾಮಿಗಳೇ ಅವರು. ಜನ ಅವರನ್ನು ಸ್ವಾಮೀಜಿ ಎಂದು ಕರೆದರೂ ಅವರು ಯಾವ ಪರಂಪರಾಗತ ಮಠದ ಪೀಠದಲ್ಲಿಯೂ ಕುಳಿತವರಲ್ಲ. ಸರ್ಕಾರದ ಹುದ್ದೆಯಾಗಲಿ, ಮಠದ ಗದ್ದುಗೆಯಾಗಲಿ ಅವರ ಮಾತಿಗೆ ಬಲ ತಂದುಕೊಡಲಿಲ್ಲ. ಯೋಗಾಸನ ಮತ್ತು ವ್ಯಾಯಾಮಗಳನ್ನು ಕಲಿಸುವುದು, ಆಯುರ್ವೇದ ಪದ್ಧತಿಯಿಂದ ರೋಗಿಗಳಿಗೆ ಚಿಕಿತ್ಸೆ ಮಾಡುವುದು, ಪುಸ್ತಕಗಳನ್ನು ಬರೆಯುವುದು ಇವೇ ಅವರ ಕಸುಬುಗಳು. ಬರೆಯುವಾಗ ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು ‘ತಿರುಕ’. ತಿರಿದು ತರುವವನೆಂದು ಅದರ ಅರ್ಥ.

ಬಿರುದುಗಳಿಗಾಗಿ ಹಂಬಲಿಸುವ ಲೋಕದಲ್ಲಿ ಭಿಕ್ಷುಕನ ಹೆಸರನ್ನು ಬಿರುದಿನಂತೆ ಧರಿಸುವುದು ಸಾಮಾನ್ಯ ಸಂಗತಿಯಲ್ಲ. ಆ ಹೆಸರೇ ಅವರ ಕಾರ್ಯವಿಧಾನವನ್ನೂ ಹೇಳುತ್ತದೆ. ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಯೋಗವನ್ನು ಕಲಿಸಿದರು. ಆಶ್ರಮಕ್ಕಾಗಿ ಜನರ ಮುಂದೆ ಕೈಯೊಡ್ಡಿದರು. ಅವರು ಕಾಲಿಟ್ಟ ಆ ಸಣ್ಣ ಹಳ್ಳಿಯಲ್ಲಿ ಕಾಲಕ್ರಮದಲ್ಲಿ ಶಾಲೆ ಕಾಲೇಜುಗಳೂ, ವಿದ್ಯಾರ್ಥಿಗಳಿಗೆ ಆಶ್ರಯವೂ, ಆಯುರ್ವೇದ ಮತ್ತು ವ್ಯಾಯಾಮ ಶಿಕ್ಷಣದ ವ್ಯವಸ್ಥೆಯೂ ಬೆಳೆದವು. ನೂರು ವರ್ಷಗಳನ್ನು ದಾಟಿ ಬಾಳಿದ ಅವರು 1996ರ ಆಗಸ್ಟ್ 31ರಂದು ತೀರಿಕೊಂಡರು. ಮಲ್ಲಾಡಿಹಳ್ಳಿಯ ಹೆಸರು ಹೊಳಲ್ಕೆರೆಯ ಎಲ್ಲೆಯನ್ನು ದಾಟಿ ನಾಡಿನಲ್ಲೆಲ್ಲ ಪರಿಚಿತವಾದದ್ದು ಅವರಿಂದ.

ತಿರಿಯುವವನ ಈ ದಾರಿಯಲ್ಲಿ ಕೆಲಸಗಾರನಿಗೆ ಮೂರು ಪಾಠಗಳಿವೆ. ತನಗಾಗಿ ಬೇಡುವವನಿಗೂ ಒಂದು ಕಾರ್ಯಕ್ಕಾಗಿ ಬೇಡುವವನಿಗೂ ಇರುವ ವ್ಯತ್ಯಾಸವನ್ನು ಕೊಡುವವರು ಕ್ಷಣದಲ್ಲಿ ಅರಿಯುತ್ತಾರೆ, ಇದು ಮೊದಲನೆಯದು. ಆಸನವನ್ನು ಕಲಿಸುವವನು ಮೊದಲು ತನ್ನ ಮೈಯನ್ನು ಬಾಗಿಸಿ ತೋರಿಸಬೇಕು, ಕುಳಿತಲ್ಲಿಯೇ ಕುಳಿತು ‘ಬಾಗು’ ಎಂದರೆ ಯಾವ ಹುಡುಗನೂ ಬಾಗಲಾರ, ಇದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಇಂದು ಕೊಟ್ಟವನ ಮನೆಯ ಬಾಗಿಲಲ್ಲಿ ನಾಳೆಯೂ ನಿಲ್ಲಬೇಕಾದವನು ಲೆಕ್ಕ ತಪ್ಪುವಂತಿಲ್ಲ. ಕೊಟ್ಟದ್ದು ಏನಾಯಿತೆಂದು ಕೊಟ್ಟವನಿಗೆ ಕಾಣಬೇಕು. ಅಪ್ಪಣೆ ಮಾಡುವವನು ಲೆಕ್ಕ ಒಪ್ಪಿಸದೆಯೂ ಮರುದಿನ ಮತ್ತೆ ಅಪ್ಪಣೆ ಮಾಡಬಲ್ಲ. ಬೇಡುವವನಿಗೆ ಆ ಸೌಕರ್ಯವಿಲ್ಲ. ಆದುದರಿಂದಲೇ ಅವನ ಸುತ್ತ ಬೆಳೆಯುವ ನಂಬಿಕೆ ಹೆಚ್ಚು ಗಟ್ಟಿಯಾದುದು.

ತುಂಬದ ಸಾಗರದ ನೀರು

ಹೊಳಲ್ಕೆರೆಯಲ್ಲಿ ಕಾಣುವ ಈ ಸತ್ಯ ಹಿರಿಯೂರಿನ ಹೊಲಗದ್ದೆಗಳಲ್ಲಿ ಮತ್ತೊಂದು ರೂಪದಲ್ಲಿ ಕಾಣುತ್ತದೆ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1907ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದ ಹೆಮ್ಮೆಯ ಕಟ್ಟಡಗಳಲ್ಲಿ ಅದೂ ಒಂದು. ಆದರೆ 1933ರಲ್ಲಿ ಒಮ್ಮೆ ತುಂಬಿದ ಆ ಜಲಾಶಯ ಮತ್ತೆ ತುಂಬಿ ಕೋಡಿ ಹರಿದದ್ದು 2022ರಲ್ಲಿ. ನಡುವಣ 89 ವರ್ಷಗಳ ಕಾಲ ಅದರ ಅಚ್ಚುಕಟ್ಟಿನ ರೈತರು ಹಂಚಿಕೊಂಡದ್ದು ತುಂಬದ ಸಾಗರದ ನೀರನ್ನು.

ಸಮೃದ್ಧಿಯನ್ನು ಹಂಚಲು ಹೆಚ್ಚಿನ ಜಾಣ್ಮೆ ಬೇಡ. ಕೊರತೆಯನ್ನು ಹಂಚಲು ಬೇಕು. ಕಾಲುವೆಯ ಮೇಲ್ತುದಿಯ ಹೊಲಕ್ಕೆ ನೀರು ಮೊದಲು ಬರುತ್ತದೆ. ಕೊನೆಯ ಹೊಲಕ್ಕೆ ಉಳಿದರೆ ಬರುತ್ತದೆ. ತೂಬು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂಬುದಕ್ಕೆ ಇಲಾಖೆಯ ನಿಯಮಗಳಿವೆ. ನೀರು ಬಿಡುವುದಕ್ಕೆ ನೀರುಗಂಟಿಯಿದ್ದಾನೆ. ಆದರೆ ನಡುರಾತ್ರಿಯಲ್ಲಿ ಕಾಲುವೆಯ ದಂಡೆಯ ಮೇಲೆ ನಿಯಮದ ಪುಸ್ತಕವನ್ನು ತೆರೆದು ಓದುವವರು ಯಾರು? ಅಂಥ ಹೊತ್ತಿನಲ್ಲಿ ಯಾವ ಊರಿನಲ್ಲಾದರೂ ನಡೆಯುವುದು ಒಬ್ಬ ಹಿರಿಯನ ಮಾತು. ಅವನು ಪಂಚಾಯಿತಿಯ ಸದಸ್ಯನೂ ಆಗಿರಬೇಕಾಗಿಲ್ಲ, ದೊಡ್ಡ ಹಿಡುವಳಿದಾರನೂ ಆಗಿರಬೇಕಾಗಿಲ್ಲ. ‘ಇವನು ಕಳೆದ ಸಲ ತನ್ನ ಸರದಿ ಮುಗಿದ ಕೂಡಲೇ ತಾನೇ ಮಡೆ ಕಟ್ಟಿದ’ ಎಂಬುದನ್ನು ಜನ ಕಂಡಿದ್ದರೆ ಸಾಕು. ತನ್ನ ಪಾಲನ್ನು ಬಿಟ್ಟುಕೊಟ್ಟವನಿಗೆ ಇನ್ನೊಬ್ಬನ ಪಾಲಿನ ವಿಷಯ ಮಾತನಾಡುವ ಹಕ್ಕು ಬರುತ್ತದೆ. ಆ ಹಕ್ಕನ್ನು ಯಾವ ಸರ್ಕಾರವೂ ಕೊಡಲಾರದು, ಕಿತ್ತುಕೊಳ್ಳಲೂ ಆರದು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ‘ಶಿವಸಂಚಾರ’ವೆಂಬ ನಾಟಕ ತಂಡ ಹೊರಡುತ್ತ ಬಂದಿದೆ. ಊರಿಂದೂರಿಗೆ ಸಂಚರಿಸುವ ಇಂಥ ತಂಡಗಳ ಬಾಳನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿರುತ್ತದೆ. ರಂಗದ ಮೇಲೆ ಅರಸನಾದವನು ಪರದೆ ಬಿದ್ದ ಮೇಲೆ ಗಂಟು ಮೂಟೆ ಹೊರಲು ಹಿಂದೆ ಸರಿದರೆ ತಂಡ ಮುಂದಿನ ಊರನ್ನು ತಲುಪುವುದಿಲ್ಲ. ಪಾತ್ರದಲ್ಲಿ ಹಿರಿದು ಕಿರಿದು ಇರಬಹುದು. ಲಾರಿಗೆ ಸಾಮಾನು ಏರಿಸುವಾಗ ಇರಬಾರದು. ಅಲ್ಲಿ ತಂಡವನ್ನು ನಿಜವಾಗಿ ಹಿಡಿದಿಡುವವನು ಮುಖ್ಯ ಪಾತ್ರಧಾರಿಯೇ ಆಗಿರಬೇಕೆಂದಿಲ್ಲ. ಯಾವ ಪೆಟ್ಟಿಗೆ ಎಲ್ಲಿದೆ, ಯಾರಿಗೆ ಜ್ವರ ಬಂದಿದೆ, ನಾಳೆಯ ರಂಗ ಎಷ್ಟು ಅಗಲ ಎಂಬುದನ್ನು ನೆನಪಿಟ್ಟುಕೊಂಡವನೇ ಆಗಿರಬಹುದು.

ತಿಳಿದವನ ಮಾತಿನ ತೂಕ

ನೆನಪು ಮತ್ತು ತಿಳಿವಳಿಕೆ ಹುದ್ದೆಯಿಲ್ಲದವನ ಇನ್ನೊಂದು ಬಲ. ಚಿತ್ರದುರ್ಗದ ಹುಲ್ಲೂರು ಶ್ರೀನಿವಾಸ ಜೋಯಿಸರು ಇದಕ್ಕೆ ನಿದರ್ಶನ. ದುರ್ಗದ ಸುತ್ತಮುತ್ತಣ ಊರುಗಳಲ್ಲಿ ಚೆದುರಿಹೋಗಿದ್ದ ಕಡತ, ಓಲೆಗರಿ, ಶಾಸನ, ಪುರಾತನ ವಸ್ತುಗಳನ್ನು ಹುಡುಕಿ ಕಲೆಹಾಕುವುದರಲ್ಲಿ ಅವರು ಬಾಳನ್ನು ಸವೆಸಿದರು. ದೊಡ್ಡ ಪೀಠದಲ್ಲಿ ಕುಳಿತು ಪಾಠ ಹೇಳಿದ ಪ್ರಾಧ್ಯಾಪಕರಲ್ಲ ಅವರು. ಆದರೂ ದುರ್ಗದ ಚರಿತ್ರೆಯನ್ನು ಬರೆಯಹೊರಟವರು ಅವರ ಸಂಗ್ರಹವನ್ನೂ ಬರವಣಿಗೆಯನ್ನೂ ದಾಟಿಹೋಗುವಂತಿರಲಿಲ್ಲ. ಅವರು ಕೂಡಿಟ್ಟ ವಸ್ತುಗಳು ಚಿತ್ರದುರ್ಗದ ವಸ್ತುಸಂಗ್ರಹಾಲಯಕ್ಕೆ ತಳಹದಿಯಾದವು.

ಕೆಲಸದ ಸ್ಥಳದಲ್ಲಿಯೂ ಹೀಗೆಯೇ. ಯಂತ್ರದ ಸದ್ದಿನಿಂದಲೇ ಅದರ ರೋಗವನ್ನು ಹೇಳಬಲ್ಲ ಹಳೆಯ ಮೆಕ್ಯಾನಿಕ್, ಹತ್ತು ವರ್ಷದ ಹಿಂದಿನ ಕಡತ ಯಾವ ಕಟ್ಟಿನಲ್ಲಿದೆಯೆಂದು ಬಲ್ಲ ಗುಮಾಸ್ತೆ, ಯಾವ ರೋಗಿ ರಾತ್ರಿ ಹೆದರುತ್ತಾನೆಂದು ಅರಿತ ದಾದಿ, ಇವರನ್ನು ಮೇಲಧಿಕಾರಿಯೂ ಕೇಳಿಯೇ ಮುಂದುವರಿಯುತ್ತಾನೆ. ಆದರೆ ಇಲ್ಲಿ ಒಂದು ಕವಲುದಾರಿ ಇದೆ. ತಿಳಿದದ್ದನ್ನು ಬಚ್ಚಿಟ್ಟುಕೊಂಡು ತಾನಿಲ್ಲದೆ ಕೆಲಸ ನಡೆಯದಂತೆ ಮಾಡುವವನು ತನಗೊಂದು ಗುಟ್ಟಿನ ಹುದ್ದೆಯನ್ನು ಸೃಷ್ಟಿಸಿಕೊಳ್ಳುತ್ತಾನೆ. ತಿಳಿದದ್ದನ್ನು ಇತರರ ಮುಂದೆ ಹರಡುವವನು ಹುದ್ದೆಯಿಲ್ಲದೆಯೇ ಗುರುವಾಗುತ್ತಾನೆ. ಮೊದಲನೆಯವನಿಗೆ ಜನ ಹೆದರುತ್ತಾರೆ. ಎರಡನೆಯವನ ಹಿಂದೆ ಬರುತ್ತಾರೆ.

ಬೆಳಗಾವಿಯ ಒಂದು ವರ್ಷ, ಹಾಥಾರ್ನ್‌ನ ಒಂದು ಕೊಠಡಿ

ಹಳ್ಳಿಯ ಕಾಲುವೆಗೆ ಸಲ್ಲುವ ಈ ಮಾತು ದೇಶದ ಕಾರ್ಯಕ್ಕೂ ಸಲ್ಲುತ್ತದೆಯೇ ಎಂದು ಯಾರಾದರೂ ಕೇಳಬಹುದು. ಗಾಂಧೀಜಿಯವರು ಕಾಂಗ್ರೆಸ್ಸಿನ ಅಧಿವೇಶನದ ಅಧ್ಯಕ್ಷರಾದದ್ದು ಜೀವಮಾನದಲ್ಲಿ ಒಂದೇ ಒಂದು ಬಾರಿ, 1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ. 1930ರಲ್ಲಿ ದಂಡಿಗೆ ನಡೆದು ಉಪ್ಪನ್ನು ಎತ್ತಿದಾಗ ಕಾಂಗ್ರೆಸ್ಸಿನ ಅಧ್ಯಕ್ಷರು ಜವಾಹರಲಾಲ್ ನೆಹರೂ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಕರೆ ಕೊಟ್ಟಾಗ ಅಧ್ಯಕ್ಷರು ಮೌಲಾನಾ ಆಜಾದ್. 1934ರಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಸಾಮಾನ್ಯ ಸದಸ್ಯತ್ವವನ್ನೂ ಬಿಟ್ಟಿದ್ದರು. ಆದರೂ ದೇಶ ಯಾರ ಮಾತಿಗೆ ಕಾದಿತ್ತೆಂಬುದನ್ನು ಹೇಳಬೇಕಾಗಿಲ್ಲ. ಅವರೂ ಜನರ ಮುಂದೆ ಕೈಯೊಡ್ಡಿದವರೇ. ಕೊಟ್ಟ ಕಾಸಿಗೆ ಕಾಸಿನ ಲೆಕ್ಕವಿಡಬೇಕೆಂದು ಹಟ ಹಿಡಿದವರೇ.

ಕಾರ್ಖಾನೆಗಳನ್ನೂ ಕಚೇರಿಗಳನ್ನೂ ಕಣ್ಣಿಟ್ಟು ನೋಡಿದ ಪಾಶ್ಚಾತ್ಯರಲ್ಲಿ ಕೆಲವರು ಇದೇ ಸತ್ಯದ ಬಳಿಗೆ ಬಂದರು. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ವಿದುಷಿ, 1868ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡವರು, ಅಧಿಕಾರದಲ್ಲಿ ಎರಡು ಬಗೆಯನ್ನು ಕಂಡರು. ಒಬ್ಬರ ಮೇಲೆ ಚಲಾಯಿಸುವ ಅಧಿಕಾರ ಒಂದು. ಒಬ್ಬರ ಜೊತೆಗೂಡಿ ಬೆಳೆಸುವ ಅಧಿಕಾರ ಇನ್ನೊಂದು. ಒಬ್ಬ ಮನುಷ್ಯ ಮತ್ತೊಬ್ಬನಿಗೆ ಅಪ್ಪಣೆ ಮಾಡುವುದಕ್ಕಿಂತ, ಇಬ್ಬರೂ ಕೂಡಿ ಸಂದರ್ಭವೇನು ಬೇಡುತ್ತಿದೆಯೆಂದು ನೋಡಿ ಅದರ ಅಪ್ಪಣೆಯನ್ನು ಪಾಲಿಸುವುದು ಮೇಲೆಂದು ಅವರು ವಾದಿಸಿದರು. ಹಾಗೆ ನೋಡಿದರೆ ಕಿಂಡಿಯ ಬಳಿ ನಿಂತ ಓಬವ್ವನಿಗೆ ಅಪ್ಪಣೆ ಕೊಟ್ಟದ್ದು ಆ ಕಿಂಡಿಯೇ.

ಆದರೆ ಪಟ್ಟವಿಲ್ಲದ ಮುಂದಾಳುತನವೆಂದರೆ ಯಾವಾಗಲೂ ಒಳ್ಳೆಯದೇ ಎಂದು ತಿಳಿಯಬಾರದು. ಷಿಕಾಗೋ ನಗರದ ಬಳಿ ಹಾಥಾರ್ನ್ ಎಂಬಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ದೊಡ್ಡ ಕಾರ್ಖಾನೆ ಇತ್ತು. ಅಲ್ಲಿ 1931-32ರಲ್ಲಿ ಟೆಲಿಫೋನ್ ಉಪಕರಣಗಳಿಗೆ ತಂತಿ ಜೋಡಿಸುವ 14 ಮಂದಿ ಕೆಲಸಗಾರರನ್ನು ಒಂದು ಕೊಠಡಿಯಲ್ಲಿರಿಸಿ ಸಂಶೋಧಕರು ತಿಂಗಳುಗಟ್ಟಲೆ ಗಮನಿಸಿದರು. ಹೆಚ್ಚು ದುಡಿದರೆ ಹೆಚ್ಚು ಕೂಲಿ ಬರುತ್ತಿತ್ತು, ಮೇಲ್ವಿಚಾರಕನೂ ಇದ್ದ. ಆದರೂ ದಿನಕ್ಕೆ ಎಷ್ಟು ಕೆಲಸವೆಂಬುದನ್ನು ನಿಶ್ಚಯಿಸುತ್ತಿದ್ದುದು ಆ ಗುಂಪಿನ ಬರೆಯದ ಕಟ್ಟಳೆ. ಅದಕ್ಕಿಂತ ಹೆಚ್ಚು ಮಾಡಿದವನನ್ನೂ ಕಡಿಮೆ ಮಾಡಿದವನನ್ನೂ ಜೊತೆಗಾರರು ಹಂಗಿಸುತ್ತಿದ್ದರು. ಮೇಲಿನವರಿಗೆ ಚಾಡಿ ಹೇಳಿದವನಿಗೆ ಅಲ್ಲಿ ನೆಲೆಯಿರಲಿಲ್ಲ. ಹುದ್ದೆಯಿಲ್ಲದವರ ಮಾತು ಹುದ್ದೆಯವರ ಮಾತನ್ನು ಮೀರಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಶಕ್ತಿ ಕೆಲಸವನ್ನು ಎತ್ತಲೂ ಬಲ್ಲದು, ಅದುಮಲೂ ಬಲ್ಲದು.

ಕೇಳುವ ರೀತಿ

ಹಾಗಾದರೆ ಒಳ್ಳೆಯ ರೀತಿಯಲ್ಲಿ ಕೇಳುವುದೆಂದರೆ ಹೇಗೆ? ಒಂದು ಹಳ್ಳಿಯ ಪ್ರೌಢಶಾಲೆಯನ್ನು ಊಹಿಸಿಕೊಳ್ಳಬಹುದು. ಮುಖ್ಯೋಪಾಧ್ಯಾಯರ ಸ್ಥಾನ ಖಾಲಿ. ಬೇರೆ ಶಾಲೆಯವರೊಬ್ಬರಿಗೆ ಪ್ರಭಾರ ವಹಿಸಲಾಗಿದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಗುತ್ತಿದೆ. ಗಣಿತದಲ್ಲಿ ಹಿಂದೆಬಿದ್ದ ಮಕ್ಕಳು ಅನೇಕರು. ಒಬ್ಬ ಸಹಶಿಕ್ಷಕಿ ಇದನ್ನು ಕಂಡಿದ್ದಾಳೆ. ಆದರೆ ಉಳಿದ ಶಿಕ್ಷಕರಿಗೆ ಹೇಳುವ ಅಧಿಕಾರ ಆಕೆಗಿಲ್ಲ.

ಸಭೆಯಲ್ಲಿ ಎದ್ದುನಿಂತು ‘ಎಲ್ಲರೂ ಸಂಜೆ ಒಂದು ಗಂಟೆ ಹೆಚ್ಚು ಪಾಠ ಮಾಡಬೇಕು’ ಎಂದರೆ ಆಕೆಗೆ ದೊರೆಯುವ ಉತ್ತರವನ್ನು ಯಾರಾದರೂ ಊಹಿಸಬಲ್ಲರು. ಆಕೆ ಮೊದಲು ತಾನೇ ಎರಡು ವಾರ ಸಂಜೆಯ ಪಾಠವನ್ನು ನಡೆಸಿದಳೆನ್ನಿ. ಮಕ್ಕಳಲ್ಲಿ ಯಾರು ಯಾವ ಲೆಕ್ಕದಲ್ಲಿ ಎಡವುತ್ತಾರೆಂದು ಪಟ್ಟಿ ಮಾಡಿದಳು. ಆಮೇಲೆ ಸಹೋದ್ಯೋಗಿಯ ಬಳಿಗೆ ಹೋಗಿ, ‘ಮೇಷ್ಟ್ರೇ, ಬೀಜಗಣಿತವನ್ನು ನಿಮ್ಮ ಹಾಗೆ ಬಿಡಿಸಿ ಹೇಳುವುದು ನನಗೆ ಬಾರದು. ಗುರುವಾರ ಅರ್ಧ ಗಂಟೆ ಈ ಎಂಟು ಮಕ್ಕಳನ್ನು ನೋಡುತ್ತೀರಾ?’ ಎಂದು ಕೇಳಿದಳು. ಇಲ್ಲಿ ಆಕೆ ತನ್ನ ಪಾಲನ್ನು ಮುಂಚಿತವಾಗಿ ಸಲ್ಲಿಸಿದ್ದಾಳೆ. ಕೇಳಿದ್ದು ಸಣ್ಣದು, ದಿನ, ಸಮಯ, ಸಂಖ್ಯೆ ಸ್ಪಷ್ಟ. ಕೇಳಿಸಿಕೊಂಡವನ ವಿದ್ಯೆಗೆ ಮನ್ನಣೆ ಇದೆ. ಅದು ಹೊಗಳಿಕೆಯಲ್ಲ, ನಿಜ. ‘ಆಗುವುದಿಲ್ಲ’ ಎನ್ನಲು ಅವನಿಗೆ ಅವಕಾಶವೂ ಇದೆ. ಅವನು ಹಾಗೆಂದರೆ ಆಕೆ ಮುನಿಸಿಕೊಳ್ಳದೆ ಮುಂದಿನ ವಾರ ಮತ್ತೆ ಮಾತನಾಡಿಸಬೇಕು. ಅಲ್ಲಗಳೆಯಲು ಅವಕಾಶವಿಲ್ಲದ ಬೇಡಿಕೆ ವೇಷ ಮರೆಸಿದ ಅಪ್ಪಣೆ, ಅಷ್ಟೆ.

ಇನ್ನೂ ಎರಡು ಕೆಲಸಗಳನ್ನು ಆಕೆ ಮರೆಯುವಂತಿಲ್ಲ. ಪ್ರಭಾರ ವಹಿಸಿದವರಿಗೆ ಮೊದಲೇ ತಿಳಿಸಬೇಕು. ತಮ್ಮ ಬೆನ್ನ ಹಿಂದೆ ಬೆಳೆದ ಒಳ್ಳೆಯ ಕೆಲಸವನ್ನೂ ಹುದ್ದೆಯವರು ಸಂಶಯದಿಂದ ನೋಡುತ್ತಾರೆ, ಅದು ಮನುಷ್ಯ ಸ್ವಭಾವ. ಫಲ ಬಂದಾಗ ಅದು ಗುರುವಾರದ ಅರ್ಧ ಗಂಟೆಯಿಂದ ಬಂದಿತೆಂದು ಎಲ್ಲರೆದುರು ಹೇಳಬೇಕು. ಇದು ತಿರುಕನ ಲೆಕ್ಕ. ಕೊಟ್ಟವನಿಗೆ ಕೊಟ್ಟದ್ದು ಏನಾಯಿತೆಂದು ತೋರಿಸುವ ಲೆಕ್ಕ. ಮುಂದಿನ ವರ್ಷ ಆ ಮೇಷ್ಟರು ಕರೆಯುವ ಮುನ್ನವೇ ಬರುವಂತಾದರೆ ಅದಕ್ಕೆ ಈ ಲೆಕ್ಕವೇ ಕಾರಣ.

ಗ್ರಾಮಗಳ ಸ್ತ್ರೀಶಕ್ತಿ ಸಂಘಗಳಲ್ಲಿಯೂ ಇಂಥವರನ್ನು ಗುರುತಿಸಬಹುದು. ಪುಸ್ತಕದಲ್ಲಿ ಅಧ್ಯಕ್ಷೆಯ ಹೆಸರು ಒಂದಿರುತ್ತದೆ. ಕಂತು ಕಟ್ಟಲಾರದೆ ತಲೆ ತಪ್ಪಿಸಿಕೊಂಡವಳ ಮನೆಗೆ ಹೋಗಿ, ‘ಏನಾಯಿತವ್ವ?’ ಎಂದು ಕುಳಿತು ಕೇಳುವವಳು ಬೇರೊಬ್ಬಳಿರುತ್ತಾಳೆ. ಸಂಘ ಉಳಿಯುವುದು ಅನೇಕ ವೇಳೆ ಈ ಎರಡನೆಯವಳಿಂದ.

ಹೊಣೆ ಒಬ್ಬರದು, ಹೆಸರು ಒಬ್ಬರದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಹಿ ಸತ್ಯ ಉಳಿಯುತ್ತದೆ. ಪಟ್ಟವಿಲ್ಲದ ಮುಂದಾಳಿಗೆ ಹೊಣೆ ಇದೆ, ರಕ್ಷಣೆ ಇಲ್ಲ. ಕೆಲಸ ಬಲ್ಲವನ ಮೇಜಿನ ಮೇಲೇ ಮತ್ತಷ್ಟು ಕೆಲಸ ಬಂದು ಬೀಳುತ್ತದೆ. ಫಲ ಬಂದಾಗ ಮಾಲೆ ಬೇರೆ ಕೊರಳಿಗೆ. ಕೆಟ್ಟಾಗ ‘ಇವನಿಗೆ ಯಾರು ಹೇಳಿದ್ದರು?’ ಎಂಬ ಪ್ರಶ್ನೆ. ಆದುದರಿಂದ ಅವನು ತನ್ನ ಎಲ್ಲೆಯನ್ನು ಅರಿತಿರಬೇಕು. ಹಣದ ವಿಷಯ, ದಂಡನೆಯ ವಿಷಯ, ಸಹಿ ಬೇಕಾದ ವಿಷಯಗಳನ್ನು ಹುದ್ದೆಯವರಿಗೇ ಒಪ್ಪಿಸಬೇಕು. ಅಲ್ಲಿಯವರೆಗೆ ಕೈ ಚಾಚಿದರೆ ಅದು ಮುಂದಾಳುತನವಾಗದು, ಅತಿಕ್ರಮಣವಾದೀತು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹುದ್ದೆಯಿಲ್ಲದೆಯೂ ದುಡಿಯಬಲ್ಲವರನ್ನು ಬಾಯಿತುಂಬ ಹೊಗಳಿ, ಹುದ್ದೆ ಕೊಡದಿರುವುದಕ್ಕೆ ಅದನ್ನೇ ನೆವ ಮಾಡಿಕೊಳ್ಳುವ ಸಂಸ್ಥೆಗಳುಂಟು. ಹೆಂಗಸರ ವಿಷಯದಲ್ಲಿ, ತಳದ ಕೆಲಸಗಾರರ ವಿಷಯದಲ್ಲಿ ಇದು ಹೆಚ್ಚು. ‘ಅವರಿದ್ದರೆ ಎಲ್ಲವೂ ನಡೆದುಹೋಗುತ್ತದೆ’ ಎಂಬ ಮೆಚ್ಚುಗೆಯ ಹಿಂದೆ ‘ಅವರಿಗೇನೂ ಕೊಡಬೇಕಾಗಿಲ್ಲ’ ಎಂಬ ಲೆಕ್ಕಾಚಾರ ಅಡಗಿರಬಹುದು. ದುರ್ಗದ ಕೋಟೆ ಹೈದರನ ಕೈಸೇರಿದ್ದು 1779ರಲ್ಲಿ. ಅದಕ್ಕೆ ಮುಂಚೆಯೇ ಆ ಕಿಂಡಿಯ ಬಳಿ ಜೀವತೆತ್ತ ಹೆಂಗಸಿನ ನೆನಪಿನಲ್ಲಿ ರಾಜ್ಯ ಸರ್ಕಾರ ನವೆಂಬರ್ 11ರಂದು ಜಯಂತಿಯನ್ನು ಆಚರಿಸತೊಡಗಿದ್ದು 2021ರಲ್ಲಿ. ನಡುವಣ ಎರಡು ಶತಮಾನಗಳಿಗೂ ಮಿಕ್ಕಿದ ಕಾಲ ಆಕೆಯ ಹೆಸರನ್ನು ಹೊತ್ತು ತಂದವರು ಜನ. ಅಷ್ಟು ಕಾಲ ಕಾಯುವ ತಾಳ್ಮೆಯನ್ನು ಕಚೇರಿಯ ಗುಮಾಸ್ತೆಯಿಂದಲೋ ಆಸ್ಪತ್ರೆಯ ದಾದಿಯಿಂದಲೋ ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ಪಟ್ಟವುಳ್ಳವರಿಗೂ ಇಲ್ಲಿ ಒಂದು ಕರ್ತವ್ಯವಿದೆ. ತಮ್ಮ ಕಚೇರಿಯಲ್ಲಿ ಜನ ಕಷ್ಟ ಬಂದಾಗ ಯಾರ ಮೇಜಿನ ಬಳಿಗೆ ಹೋಗುತ್ತಾರೆಂಬುದನ್ನು ಅವರು ಕಣ್ಣಿಟ್ಟು ನೋಡಬೇಕು. ಆ ವ್ಯಕ್ತಿಯ ಕೆಲಸವನ್ನು ಬಾಯಿಮಾತಿನಲ್ಲಲ್ಲ, ಕಾಗದದ ಮೇಲೆ ದಾಖಲಿಸಬೇಕು. ಇತರ ಹೊರೆಯನ್ನು ಇಳಿಸಬೇಕು. ಸಮಯ ಬಂದಾಗ ಹುದ್ದೆಯನ್ನೂ ಕೊಡಬೇಕು. ಹುದ್ದೆ ಬಂದಮೇಲೆ ಆ ವ್ಯಕ್ತಿ ಕೇಳುವುದನ್ನು ಬಿಟ್ಟು ಅಪ್ಪಣೆಯನ್ನೇ ಹಿಡಿದುಕೊಂಡರೆ, ಹುದ್ದೆ ದೊರೆತರೂ ಮುಂದಾಳುತನ ಕಳೆದುಹೋಯಿತೆಂದೇ ತಿಳಿಯಬೇಕು. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಮಾತಿನಲ್ಲಿ, ಅರಸಾದಮೇಲೆಯೂ ಆಳಾಗಿ ಉಳಿಯಬೇಕೆಂಬ ಎಚ್ಚರಿಕೆಯೂ ಅಡಗಿದೆ.

ಕೋಟೆಗೆ ಸುತ್ತು ಏಳಿದ್ದರೂ ಕಿಂಡಿ ಒಂದು ಉಳಿದೇ ಉಳಿಯುತ್ತದೆ. ಎಷ್ಟೇ ಅಚ್ಚುಕಟ್ಟಾಗಿ ಹುದ್ದೆಗಳನ್ನೂ ನಿಯಮಗಳನ್ನೂ ಹೆಣೆದರೂ ಯಾರ ಪಾಲಿಗೂ ಬರೆಯದ ಕೆಲಸವೊಂದು ಪ್ರತಿ ಸಂಸ್ಥೆಯಲ್ಲಿಯೂ ಇರುತ್ತದೆ. ಅದನ್ನು ಮೊದಲು ಕಂಡವರು ಕೈಹಾಕಲಿ. ಕೈಹಾಕಿದವರು ಪಕ್ಕದವರನ್ನು ಕರೆಯಲು ನಾಚದಿರಲಿ. ಕರೆ ಕೇಳಿದವರು ‘ನೀನು ಯಾರು ಹೇಳಲು?’ ಎನ್ನದೆ ಒಂದು ಕಡ್ಡಿಯನ್ನು ಎತ್ತಲಿ. ಹೊರೆ ಏಳುವುದು ಹಾಗೆಯೇ.